ಹಿಡಿಯದೆ, ಚುಚ್ಚದೆ ಬಸಿರು ಪತ್ತೆ!

ಬಸಿರು ಖಚಿತ ಮಾಡಿಕೊಳ್ಳೋಕೆ ಒಂದು ಕಾಲದಲ್ಲಿ ಇಲಿಗಳು ಸಾಯಬೇಕಿತ್ತು ಅಂದ್ರೆ ನಂಬ್ತೀರಾ? 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ರೂಪಿಸಿದ ಪರೀಕ್ಷೆ ಅದು. ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಕೊಯ್ದು ನೋಡುತ್ತಿದ್ದರು. ಇಲಿಯ ಅಂಡಾಶಯ ಬಲಿತಿದ್ದರೆ ಆಕೆ ಬಸುರಿ!

1950ರ ದಶಕದ ಕೊನೆಗೆ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್, ರಕ್ತದಲ್ಲಿರುವ ಅತ್ಯಲ್ಪ ಹಾರ್ಮೋನನ್ನೂ ಪ್ರಯೋಗಾಲಯದಲ್ಲೇ ಅಳೆಯುವ ವಿಧಾನ ಕಂಡುಹಿಡಿದರು. ಕಾಡುಪ್ರಾಣಿಗಳ ಅಧ್ಯಯನಕ್ಕೂ ಇದರಿಂದಲೇ ದಾರಿಯಾಯಿತು. ಯಾಕಂದ್ರೆ ದೇಹ ಬಳಸಿದ ಹಾರ್ಮೋನುಗಳ ಅವಶೇಷ ಮಲಮೂತ್ರದಲ್ಲಿ ಹೊರಬರುತ್ತದೆ. 1980ರ ದಶಕದಲ್ಲಿ ಅಮೆರಿಕದ ಜೇ ಕರ್ಕ್‌ಪ್ಯಾಟ್ರಿಕ್ ಮತ್ತು ಜೊತೆಗಾರರು, ಕಾಡುಕುದುರೆಗಳ ಮೂತ್ರ ಇಂಗಿದ ಮಣ್ಣನ್ನೇ ಎತ್ತಿಕೊಂಡು ಹೋಗಿ, ಯಾವುದು ಗಬ್ಬ ಎಂದು ಹೇಳಿಬಿಟ್ಟರು. ಕುದುರೆಯನ್ನು ಮುಟ್ಟಲೂ ಇಲ್ಲ!

ನೆಲದ ಮೇಲೆ ಸರಿ, ಸಮುದ್ರದಲ್ಲಿ?

ಅಮೆರಿಕ-ಕೆನಡಾ ನಡುವಿನ ಸೇಲಿಶ್ ಸಮುದ್ರದಲ್ಲಿ ಓರ್ಕಾ ತಿಮಿಂಗಿಲಗಳ ಒಂದು ಪುಟ್ಟ ಬಳಗವಿದೆ. ಒಟ್ಟು ಎಂಬತ್ತೂ ಇಲ್ಲ. ಅವುಗಳ ಮಲ ನೀರಿನ ಮೇಲೆ ತೇಲುವುದು ಸ್ವಲ್ಪ ಹೊತ್ತು ಮಾತ್ರ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ ವಾಸರ್ ತಂಡ ಅದನ್ನು ಹುಡುಕಲು ಟಕರ್ ಎಂಬ ನಾಯಿಯನ್ನು ದೋಣಿಯ ಮೂತಿಯಲ್ಲಿ ನಿಲ್ಲಿಸಿತು. ವಾಸನೆ ಬಂದ ಕಡೆಗೆ ನಾಯಿ ವಾಲಿದರೆ ದೋಣಿಯೂ ಆ ಕಡೆಗೆ. ತಮಾಷೆ ಏನಂದ್ರೆ, ಈ ಟಕರ್‌ಗೆ ನೀರಿಗಿಳಿಯೋದಂದ್ರೆ ಆಗ್ತಿರಲಿಲ್ಲ :-)

ಆದರೆ ಸಿಕ್ಕ ಉತ್ತರ ತಮಾಷೆಯದಾಗಿರಲಿಲ್ಲ. 2008ರಿಂದ 2014ರವರೆಗಿನ ಮಾದರಿಗಳನ್ನು ಆಧರಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಪತ್ತೆಯಾದ ಬಸಿರುಗಳಲ್ಲಿ ಶೇ. 69ರಷ್ಟು ನಿಂತಿರಲಿಲ್ಲ! ಅಲ್ಲಿಯವರೆಗೆ ಎಣಿಸುತ್ತಿದ್ದದ್ದು ಕಣ್ಣಿಗೆ ಬಿದ್ದ ಮರಿಗಳನ್ನು ಮಾತ್ರ. ತಾಯಂದಿರು ಬಸಿರಾಗುತ್ತಿದ್ದವು, ಕಳೆದುಕೊಳ್ಳುತ್ತಿದ್ದವು, ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕಾರಣವೂ ಅದೇ ಮಲದಲ್ಲಿತ್ತು. ಒತ್ತಡದ ಹಾರ್ಮೋನು ದೋಣಿಗಳ ಗದ್ದಲಕ್ಕೂ ಏರುತ್ತದೆ, ಹಸಿವಿಗೂ ಏರುತ್ತದೆ. ಥೈರಾಯ್ಡ್ ಹಾರ್ಮೋನು ಹಾಗಲ್ಲ, ಹಸಿವಿಗೆ ಮಾತ್ರ ಇಳಿಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮುಖ್ಯ ಕಾರಣ ಹಸಿವು ಎಂದು ತಿಳಿಯಿತು. ಅವುಗಳ ಮುಖ್ಯ ಆಹಾರವಾದ ಚಿನೂಕ್ ಸಾಲ್ಮನ್ ಮೀನು ಕಡಿಮೆಯಾಗಿತ್ತು.

2018ರಲ್ಲಿ ಇದೇ ಬಳಗದ ತಾಲೆಕ್ವಾ ಎಂಬ ತಾಯಿ, ಹುಟ್ಟಿದ ಅರ್ಧ ಗಂಟೆಯಲ್ಲೇ ಸತ್ತ ತನ್ನ ಮರಿಯನ್ನು 17 ದಿನ ಹೊತ್ತು ಈಜಿದ್ದನ್ನು ಜಗತ್ತೇ ನೋಡಿ ಮರುಗಿತು. ಆದರೆ ಹುಟ್ಟದೇ ಹೋದ ಮರಿಗಳಿಗೆ ಅಂಥ ಚಿತ್ರಗಳಿಲ್ಲ. ಅವುಗಳ ಲೆಕ್ಕ ಉಳಿದಿರುವುದು ಟಕರ್ ಹುಡುಕಿಕೊಟ್ಟಂಥ ಮಲದ ಮಾದರಿಗಳಲ್ಲಿ ಮಾತ್ರ. ರೋಗ ಏನೆಂದು ಗೊತ್ತಾಗಿದೆ. ಆದರೆ ಹೊಟ್ಟೆಗೆ ಮೀನು ಬೇಕಲ್ಲ? ಅದನ್ನು ಪ್ರಯೋಗಾಲಯ ಕೊಡಲಾರದು.