ಆಜಾದ್: ಪಿಸ್ತೂಲಿಗೂ ಹಿಂದಿನ ಕಥೆ

ಇಲ್ಲಿರುವ ಕೋಲ್ಟ್ ಪಿಸ್ತೂಲು ಚಂದ್ರಶೇಖರ ಆಜಾದರದು. ಇದನ್ನು ಕಂಡವರಿಗೆ ನೆನಪಾಗುವುದು 1931ರ ಫೆಬ್ರವರಿ 27ರಂದು ಅಲಹಾಬಾದಿನ ಆಲ್‌ಫ್ರೆಡ್ ಪಾರ್ಕಿನಲ್ಲಿ ಮರದ ಮರೆಯಿಂದ ಅವರು ಪೊಲೀಸರೊಡನೆ ನಡೆಸಿದ ಕಾಳಗ. ಆದರೆ ಹಿಂದೂಸ್ತಾನ್ ಸೋಷಲಿಸ್ಟ್ ರಿಪಬ್ಲಿಕನ್ ಸಂಘಟನೆಯ ಸೇನಾ ಮುಖ್ಯಸ್ಥರಾಗಿ ಅವರ ನಿಜವಾದ ಸಾಮರ್ಥ್ಯ ಕಾಣುವುದು ಅದಕ್ಕೂ ಹಿಂದಿನ ಅಜ್ಞಾತವಾಸದಲ್ಲಿ. 1925ರ ಕಾಕೋರಿ ರೈಲು ದರೋಡೆ ಪ್ರಕರಣದಲ್ಲಿ ನಾಲ್ವರು ಗಲ್ಲಿಗೇರಿದರು. ಅದರಲ್ಲಿ ಪಾಲ್ಗೊಂಡಿದ್ದ ಆಜಾದ್ ಪೊಲೀಸರಿಗೆ ಸಿಗಲೇ ಇಲ್ಲ. ಝಾನ್ಸಿಗೆ ಹತ್ತಿರದ ಓರ್ಛಾದಲ್ಲಿ, ಸಾತಾರ್ ನದಿಯ ದಡದ ಗುಡಿಸಲಲ್ಲಿ, ಹರಿಶಂಕರ ಬ್ರಹ್ಮಚಾರಿ ಎಂಬ ಸಾಧುವಾಗಿ ಊರ ಮಕ್ಕಳಿಗೆ ಅಕ್ಷರ ಕಲಿಸುತ್ತಲೇ ಚದುರಿದ ದಳವನ್ನು ಮತ್ತೆ ಜೋಡಿಸಿದರು. 1928ರಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಸೇರಿದ ಸಂಗಾತಿಗಳು ಸಮಾಜವಾದವನ್ನು ಗುರಿಯಾಗಿ ಒಪ್ಪಿದಾಗ, ಸಭೆಗೆ ಬಾರದಿದ್ದ ಅವರಿಗೇ ಸೇನೆಯ ಹೊಣೆ ಒಪ್ಪಿಸಿದರು. ಬರಿಯ ಎದೆಗಾರಿಕೆಗೆ ಇಂಥ ನಂಬಿಕೆ ಸಿಗುವುದಿಲ್ಲ.

ಗುಟ್ಟಾಗಿ ನಡೆದ ಈ ಹೋರಾಟ ಕೊಲೆಗಳಲ್ಲಿ ಮುಗಿಯಿತಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. 1928ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯ ನಂತರ ಬೆನ್ನಟ್ಟಿದ ಪೊಲೀಸ್ ಚನನ್ ಸಿಂಗ್ ಆಜಾದರ ಗುಂಡಿಗೆ ಬಿದ್ದ, ಅವನೂ ಭಾರತೀಯನೇ. ಸಂಗಾತಿಗಳನ್ನು ಉಳಿಸಲು ಹಾರಿಸಿದ ಗುಂಡು ಎಂಬ ಸಮರ್ಥನೆ ನಿಜ, ಆದರೂ ಆ ಸಾವಿನ ಭಾರ ಇಳಿಯದು. ಇನ್ನೊಂದು ಮಿತಿಯೂ ಇತ್ತು: ಗುಟ್ಟು ದಳವನ್ನು ಕಾಪಾಡಿತೇ ಹೊರತು ಹರಡಲು ಬಿಡಲಿಲ್ಲ. 1930ರಲ್ಲಿ ಬಾಂಬ್ ಪರೀಕ್ಷೆಯಲ್ಲಿ ಸಂಗಾತಿ ಭಗವತಿ ಚರಣ್ ವೋಹ್ರಾ ಮಡಿದರು, ಹಲವರು ಜೈಲು ಸೇರಿದರು. ಕೊನೆಯ ದಿನ ಜೊತೆಗಿದ್ದ ಸುಖದೇವ್ ರಾಜ್‌ನನ್ನು ಪಾರಾಗಲು ಕಳಿಸಿ ಆಜಾದ್ ಒಬ್ಬರೇ ಕಾದಾಡಿದರು. ಆಗ ಅವರಿಗೆ 24 ವರ್ಷ. ಆ ಉದ್ಯಾನ ಇಂದು ಅವರ ಹೆಸರಿನಲ್ಲಿದೆ.