ರೋಮನ್ ಸಾಮ್ರಾಜ್ಯಶಕ್ತಿಯೂ ಅದರ ವ್ಯಾಖ್ಯಾನಕಾರರೂ

ಟೈಬರ್ ನದಿಯ ದಡದ ಒಂದು ಪಟ್ಟಣವು ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳನ್ನೆಲ್ಲ ತನ್ನ ಕೈಕೆಳಗೆ ತಂದುಕೊಂಡುದು ಹೇಗೆ? ಈ ಪ್ರಶ್ನೆಯನ್ನು ಕ್ರಮವಾಗಿ ಎತ್ತಿಕೊಂಡು ದೊಡ್ಡ ಗ್ರಂಥ ರಚಿಸಿದವನು ರೋಮನನಲ್ಲ, ಗ್ರೀಕನು. ಕ್ರಿ.ಪೂ. 167ರಲ್ಲಿ ಒತ್ತೆಯಾಳಾಗಿ ರೋಮಿಗೆ ಒಯ್ಯಲ್ಪಟ್ಟ ಪೊಲಿಬಿಯಸನು, 53 ವರ್ಷ ತುಂಬುವುದರೊಳಗೆ ಲೋಕದ ಬಹುಭಾಗ ಒಂದೇ ಅಧಿಕಾರಕ್ಕೆ ಒಳಪಟ್ಟ ಬಗೆಯನ್ನು ವಿವರಿಸಲು ಹೊರಟನು. ಸೋತವರ ಕಡೆಯವನು ಗೆದ್ದವರ ಚರಿತ್ರೆಯನ್ನು ಬರೆದನು. ಅಂದಿನಿಂದ ಈ ಪ್ರಶ್ನೆಗೆ ಉತ್ತರಗಳು ಹಲವಾಗಿವೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ನಾವಿಲ್ಲಿ ಪರಿಶೀಲಿಸೋಣ.

ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ಥಿಯೊಡೋರ್ ಮಾಮ್ಸೆನ್ 1854ರಿಂದ 1856ರವರೆಗೆ ಪ್ರಕಟಿಸಿದ ರೋಮಿನ ಚರಿತ್ರೆಯಲ್ಲಿ ಒಂದು ವಾದವನ್ನು ಮುಂದಿಟ್ಟರು. ರೋಮ್ ಸಾಮ್ರಾಜ್ಯವನ್ನು ಬಯಸಿ ಕಟ್ಟಲಿಲ್ಲ. ಪ್ರಬಲರಾದ ನೆರೆಯವರ ಭಯದಿಂದ ಹೆಜ್ಜೆಹೆಜ್ಜೆಯಾಗಿ ಹೊರಕ್ಕೆ ಸೆಳೆಯಲ್ಪಟ್ಟಿತು ಎಂಬುದು ಅದರ ಸಾರ. ಅಮೆರಿಕದ ಟೆನ್ನಿ ಫ್ರಾಂಕ್ 1914ರಲ್ಲಿಯೂ ಫ್ರಾನ್ಸಿನ ಮೋರಿಸ್ ಒಲೊ 1921ರಲ್ಲಿಯೂ ಇದೇ ಜಾಡಿನಲ್ಲಿ ಬರೆದರು. ಯುದ್ಧ ಸಾರುವ ಮುನ್ನ ಫೇಷಿಯಲ್ ಎಂಬ ಪುರೋಹಿತರು ಶತ್ರುವಿನಿಂದ ನ್ಯಾಯ ಕೇಳುವ ವಿಧಿಯೊಂದು ರೋಮಿನಲ್ಲಿದ್ದುದು ಈ ವಾದಕ್ಕೆ ಆಧಾರವಾಯಿತು.

ಆದರೆ ಆತ್ಮರಕ್ಷಣೆಯ ವಾದಕ್ಕೆ ಒಗ್ಗದ ಸಂಗತಿಗಳುಂಟು. ಕ್ರಿ.ಪೂ. 167ರಲ್ಲಿ, ಮ್ಯಾಸಿಡೋನಿಯ ಸೋತ ಬಳಿಕ, ರೋಮನ್ ಸೈನ್ಯವು ಎಪೈರಸಿನ 70 ಊರುಗಳನ್ನು ಸೂರೆಗೊಂಡು 1,50,000 ಜನರನ್ನು ಗುಲಾಮರನ್ನಾಗಿ ಮಾಡಿತೆಂದು ಪ್ರಾಚೀನ ಗ್ರಂಥಕಾರರೇ ಹೇಳಿರುವರು. ಕಾರ್ಥೇಜ್ ನಗರವು ತನ್ನ ಶಸ್ತ್ರಾಸ್ತ್ರಗಳನ್ನೆಲ್ಲ ಒಪ್ಪಿಸಿದ ಮೇಲೂ ಕ್ರಿ.ಪೂ. 146ರಲ್ಲಿ ನಾಶವಾಯಿತು. ಅದೇ ವರ್ಷ ಕೊರಿಂಥ್ ಕೂಡ ನೆಲಸಮವಾಯಿತು. ನಿಶ್ಶಸ್ತ್ರನಾದ ನೆರೆಯವನಿಗೆ ಅಂಜಿ ಯುದ್ಧ ಮಾಡಿದೆವೆಂಬ ಮಾತನ್ನು ನಂಬುವುದು ಕಷ್ಟ. 1979ರಲ್ಲಿ ವಿಲಿಯಂ ಹ್ಯಾರಿಸ್ ಈ ವಾದವನ್ನು ಬಲವಾಗಿ ಖಂಡಿಸಿದರು. ಯುದ್ಧವಿಲ್ಲದ ವರ್ಷವೇ ಅಪರೂಪವಾಗಿದ್ದ ಆ ಸಮಾಜದಲ್ಲಿ ಕೀರ್ತಿ, ಕೊಳ್ಳೆ, ಗುಲಾಮರು ಇವೇ ಕುಲೀನರನ್ನು ಯುದ್ಧಕ್ಕೆ ಪ್ರೇರಿಸಿದುವೆಂದು ಅವರು ತೋರಿಸಿದರು. 2006ರಲ್ಲಿ ಆರ್ಥರ್ ಎಕ್‌ಸ್ಟೈನ್ ಇನ್ನೊಂದು ಮಾತನ್ನು ಸೇರಿಸಿದರು: ಆ ಕಾಲದ ರಾಜ್ಯಗಳೆಲ್ಲವೂ ಯುದ್ಧಪ್ರಿಯವಾಗಿದ್ದುವು, ರೋಮಿನ ವಿಶೇಷವಿದ್ದುದು ಕ್ರೌರ್ಯದಲ್ಲಲ್ಲ, ಸೋತವರನ್ನು ಮಿತ್ರರನ್ನಾಗಿಯೂ ಪೌರರನ್ನಾಗಿಯೂ ಒಳಗೆ ಸೇರಿಸಿಕೊಂಡ ಜಾಣ್ಮೆಯಲ್ಲಿ.

ಗೆದ್ದುದು ಹೇಗೆಂಬುದು ಒಂದು ಪ್ರಶ್ನೆಯಾದರೆ, ಗೆದ್ದ ಮೇಲೆ ಆಳಿದುದು ಹೇಗೆಂಬುದು ಇನ್ನೊಂದು. ಬ್ರಿಟಿಷ್ ಸಾಮ್ರಾಜ್ಯವು ಉಚ್ಛ್ರಾಯದಲ್ಲಿದ್ದಾಗ, 1905ರಲ್ಲಿ, ಫ್ರಾನ್ಸಿಸ್ ಹ್ಯಾವರ್‌ಫೀಲ್ಡ್ ರೋಮೀಕರಣದ ಸಿದ್ಧಾಂತವನ್ನು ಮಂಡಿಸಿದರು. ಭಾಷೆ, ಮನೆಮಾರು, ಆಚಾರ ಇವುಗಳಲ್ಲಿ ಪ್ರಾಂತದ ಜನರು ರೋಮನರಂತಾದುದನ್ನು ಅವರು ನಾಗರಿಕತೆಯ ಕೊಡುಗೆಯೆಂದು ಬಗೆದರು. ಅಲ್ಜೀರಿಯವು 1962ರಲ್ಲಿ ಫ್ರೆಂಚರಿಂದ ಬಿಡುಗಡೆ ಹೊಂದಿದ ತರುವಾಯ, 1976ರಲ್ಲಿ, ಮಾರ್ಸೆಲ್ ಬೆನಾಬು ಅದೇ ಆಫ್ರಿಕದಲ್ಲಿ ರೋಮೀಕರಣಕ್ಕೆ ಜನರು ತೋರಿದ ಪ್ರತಿರೋಧವನ್ನು ಕುರಿತು ಬರೆದರು. ಪಂಡಿತರ ಕನ್ನಡಕಕ್ಕೆ ಅವರವರ ಕಾಲದ ಬಣ್ಣ ಹತ್ತಿರುವುದು ಇಲ್ಲಿ ಸ್ಪಷ್ಟವಾಗುವುದು.

ಹಾಗೆಂದು ಎಲ್ಲವೂ ಬರಿಯ ಅಭಿಪ್ರಾಯವೆಂದು ಕೈಬಿಡಲಾಗದು; ಶಾಸನಗಳಿವೆ. ಇಂದಿನ ಲಿಬಿಯದಲ್ಲಿರುವ ಲೆಪ್ಕಿಸ್ ಮಾಗ್ನಾ ನಗರದ ರಂಗಮಂದಿರವನ್ನು ಕ್ರಿ.ಶ. 1-2ರಲ್ಲಿ ಅನ್ನೋಬಾಲ್ ತಪಾಪಿಯಸ್ ರೂಫಸ್ ಎಂಬ ಸ್ಥಳೀಯ ಶ್ರೀಮಂತನು ತನ್ನ ಹಣದಿಂದ ಕಟ್ಟಿಸಿದನು. ಅದರ ಶಾಸನವು ಲ್ಯಾಟಿನ್ ಮತ್ತು ಪ್ಯೂನಿಕ್ ಎಂಬ ಎರಡು ಭಾಷೆಗಳಲ್ಲಿದೆ. ದಾನಿಯ ಹೆಸರಿನಲ್ಲಿ ಅನ್ನೋಬಾಲ್ ಎಂಬುದು ಪ್ಯೂನಿಕ್, ರೂಫಸ್ ಎಂಬುದು ಲ್ಯಾಟಿನ್. ಸುಫೆಸ್ ಎಂಬ ಹಳೆಯ ಪ್ಯೂನಿಕ್ ಪದವಿಯೂ ಫ್ಲಾಮೆನ್ ಎಂಬ ರೋಮನ್ ಪುರೋಹಿತ ಪದವಿಯೂ ಆತನಲ್ಲಿ ಕೂಡಿಕೊಂಡಿವೆ. ಹ್ಯಾವರ್‌ಫೀಲ್ಡರ ಹಾದಿಯವರಿಗೆ ಇದು ರೋಮೀಕರಣ. ಬೆನಾಬು ಅವರ ಹಾದಿಯವರಿಗೆ ದೇಶೀಯ ಸಂಸ್ಕೃತಿಯ ಉಳಿವು. ಇವನು ಎರಡು ಕಡೆಗೂ ಮುಖಮಾಡಿ ನಿಂತು, ಸಾಮ್ರಾಟನ ಹೆಸರಿನಿಂದ ತನ್ನ ಊರಿನಲ್ಲಿ ತನ್ನ ಹಿರಿಮೆಯನ್ನು ಭದ್ರಪಡಿಸಿಕೊಂಡವನೆಂದು ನಮಗೆ ತೋರುತ್ತದೆ. ಸಾಮ್ರಾಜ್ಯವು ನಿಂತುದು ಸೈನ್ಯದ ಬಲದಿಂದ ಮಾತ್ರವಲ್ಲ; ಇಂತಹ ಸ್ಥಳೀಯ ಪ್ರಮುಖರ ಸ್ವಹಿತದಿಂದಲೂ ಹೌದು.

ಆದರೆ ಇಂತಹ ಶಾಸನ ಬರೆಸಲು ಹಣವಿಲ್ಲದವರ ಗತಿಯೇನು? ಡೇವಿಡ್ ಮ್ಯಾಟಿಂಗ್ಲಿ ಇತ್ತೀಚಿನ ದಶಕಗಳಲ್ಲಿ ಒತ್ತಿ ಹೇಳಿರುವುದು ಇದನ್ನೇ: ಒಂದೇ ಸಾಮ್ರಾಜ್ಯವನ್ನು ಸೈನಿಕ, ಊರ ಶ್ರೀಮಂತ, ಗಣಿಯ ಆಳು, ಹೊಲದ ರೈತ ಬೇರೆಬೇರೆಯಾಗಿ ಅನುಭವಿಸಿದರು. ಲೆಪ್ಕಿಸಿನ ಸಾರ್ವಜನಿಕ ಶಾಸನಗಳಿಂದ ಕ್ರಿ.ಶ. ಒಂದನೆಯ ಶತಮಾನದ ಬಳಿಕ ಪ್ಯೂನಿಕ್ ಮರೆಯಾಯಿತು. ಆದರೂ ಆಫ್ರಿಕದ ಹಳ್ಳಿಗಾಡಿನಲ್ಲಿ ಜನರು ಅದನ್ನು ಆಡುತ್ತಿದ್ದುದಕ್ಕೆ ಐದನೆಯ ಶತಮಾನದ ಆರಂಭದಲ್ಲಿಯೂ ಸಂತ ಆಗಸ್ಟೀನನ ಬರೆಹಗಳು ಸಾಕ್ಷಿ. ಕಲ್ಲಿನಿಂದ ಹೋದ ಭಾಷೆ ಬಾಯಿಂದ ಹೋಗಲು ಶತಮಾನಗಳು ಬೇಕಾದುವು. ಗಡಿನಾಡಿನ ಅಧ್ಯಾಪಕರಾದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. ಇದು ವ್ಯಾಪಾರದ ಸಂಬಂಧಕ್ಕೆ ಕುರುಹೇ ಹೊರತು ಆಳ್ವಿಕೆಯ ಕುರುಹಲ್ಲ. ವಸ್ತು ತಲಪಿದೆಡೆಯಲ್ಲೆಲ್ಲ ಅಧಿಕಾರವೂ ತಲಪಿತೆಂದು ಭಾವಿಸಬಾರದು.

ಟ್ಯಾಸಿಟಸನು, ಬ್ರಿಟನ್ನನ್ನು ಆಳಿದ ತನ್ನ ಮಾವನ ಚರಿತ್ರೆಯಲ್ಲಿಯೇ, ಅಲ್ಲಿನ ಜನರು ಸ್ನಾನಗೃಹ, ಔತಣಗಳನ್ನು ನಾಗರಿಕತೆಯೆಂದು ಕರೆದರು, ಅವು ದಾಸ್ಯದ ಒಂದು ಭಾಗವಾಗಿದ್ದುವು ಎಂಬರ್ಥದ ಮಾತನ್ನು ಬರೆದಿಟ್ಟನು. ಆಳುವ ವರ್ಗದವನೇ ಇಷ್ಟನ್ನು ಕಂಡಿರುವಾಗ, ರೋಮಿನ ರಸ್ತೆಗಳನ್ನೂ ಕಾಲುವೆಗಳನ್ನೂ ಎಣಿಸಿ ಪಾಠ ಮುಗಿಸುವುದು ಸಾಲದು. ಆ ರಸ್ತೆಯಲ್ಲಿ ನಡೆದವರಾರು, ಅದಕ್ಕೆ ಕಲ್ಲು ಹೊತ್ತವರಾರು ಎಂಬ ಪ್ರಶ್ನೆಯನ್ನೂ ನಮ್ಮ ವಿದ್ಯಾರ್ಥಿಗಳ ಮುಂದಿಡುವುದು ಉಚಿತ.