ಡಕೋಟ ವಿಮಾನದ ಕಾಣೆಯಾದ ಹಿಡಿಕೆ



ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ನಾನು, ಇತಿಹಾಸದ ಒಂದು ಮುಖ್ಯವಾದ ಪಾಠವನ್ನು ನಿವೃತ್ತಿಯ ನಂತರ ನನ್ನ ಶಿಷ್ಯನೊಬ್ಬನ ಕಂಪ್ಯೂಟರಿನ ಮುಂದೆ ಕುಳಿತು ಕಲಿತೆನೆಂದರೆ ನಿಮಗೆ ನಗು ಬರಬಹುದು. ಆದರೂ ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೊಂದರ ಒಪ್ಪಿಗೆಯೂ ಇದೆ.

ಆ ಶಿಷ್ಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆಯ ದಿನಗಳಲ್ಲಿ ಅವನು ಫ್ಲೈಟ್ ಸಿಮ್ಯುಲೇಟರಿಗೆ ಹಳೆಯ ಡಕೋಟ ವಿಮಾನವೊಂದನ್ನು ಕಟ್ಟುತ್ತಿದ್ದ. ಸಿಮ್ಯುಲೇಟರ್ ಎಂದರೆ ಕುರ್ಚಿಯಲ್ಲಿ ಕುಳಿತೇ ವಿಮಾನ ನಡೆಸುವ ಅನುಭವ ನೀಡುವ ಕಂಪ್ಯೂಟರ್ ಕಾರ್ಯಕ್ರಮ. ಅದರ ಜೊತೆಗೆ ಬರುವ ವಿಮಾನಗಳಲ್ಲದೆ, ಆಸಕ್ತರು ತಾವೇ ತಯಾರಿಸಿ ಸೇರಿಸುವ ವಿಮಾನಗಳಿಗೆ ‘ಆಡ್-ಆನ್’ ಎಂದು ಹೆಸರು. ‘ಸರ್, ನನಗೆ ಪ್ರೋಗ್ರಾಮಿಂಗ್ ಗೊತ್ತು, ಇತಿಹಾಸ ಗೊತ್ತಿಲ್ಲ. ನೀವು ಜೊತೆಗಿರಬೇಕು’ ಎಂದು ಕೇಳಿಕೊಂಡ. ಶಿಷ್ಯನ ಮಾತನ್ನು ತೆಗೆದುಹಾಕುವುದು ಮೇಷ್ಟರಿಗೆ ಸಾಧ್ಯವೇ?

ನೆಲದ ಮೇಲೆ ಕುಳಿತು ಹಾರಲು ಕಲಿಯುವ ಕಲ್ಪನೆ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ತಂದೆ ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿದ್ದರು. ಆ ವಾದ್ಯದ ತಿದಿಗಳನ್ನೇ ಬಳಸಿ ಲಿಂಕ್ 1929ರಲ್ಲಿ ಓಲಾಡುವ, ವಾಲುವ ಒಂದು ಪುಟ್ಟ ವಿಮಾನದ ಪೆಟ್ಟಿಗೆಯನ್ನು ರೂಪಿಸಿದ. ಮೊದಲಿಗೆ ಜನ ಅದನ್ನು ಜಾತ್ರೆಯ ಆಟಿಕೆಯಂತೆ ಕಂಡರು. 1934ರಲ್ಲಿ ಅಂಚೆ ಸಾಗಿಸಲು ಹೊರಟ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಿಕ್ಕಿ ಒಬ್ಬರ ಹಿಂದೊಬ್ಬರು ಸತ್ತಾಗ, ಸೇನೆ ಅಂಥ ಆರು ಪೆಟ್ಟಿಗೆಗಳನ್ನು ಕೊಂಡುಕೊಂಡಿತು. ಮುಂದೆ ಬ್ರೂಸ್ ಆರ್ಟ್‌ವಿಕ್ ಎಂಬ ಎಂಜಿನಿಯರು ಇದೇ ಕಲ್ಪನೆಯನ್ನು ಮನೆಯ ಕಂಪ್ಯೂಟರಿಗೆ ತಂದರು. 1982ರಲ್ಲಿ ಮೈಕ್ರೋಸಾಫ್ಟ್ ಅದನ್ನು ತನ್ನ ಹೆಸರಿನಲ್ಲಿ ಹೊರತಂದಿತು. 2003ರಲ್ಲಿ, ರೈಟ್ ಸೋದರರ ಹಾರಾಟಕ್ಕೆ ನೂರು ವರ್ಷ ತುಂಬಿದಾಗ ಬಂದ ಆವೃತ್ತಿಯಲ್ಲಿ ಡಗ್ಲಾಸ್ ಡಿಸಿ-3 ಕೂಡ ಇತ್ತು. ನಮ್ಮವರು ಡಕೋಟ ಎಂದು ಕರೆಯುತ್ತಿದ್ದುದು ಇದರ ವಂಶವನ್ನೇ.

ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು, ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದಲ್ಲಿ. ಎರಡು ಎಂಜಿನ್‌ಗಳು, ಒಂದೊಂದರಲ್ಲೂ ವೃತ್ತಾಕಾರವಾಗಿ ಎರಡು ಸಾಲಿನಲ್ಲಿ ಜೋಡಿಸಿದ 14 ಸಿಲಿಂಡರುಗಳು (ಮೊದಮೊದಲ ಕೆಲವಕ್ಕೆ ಬೇರೆ ಎಂಜಿನ್ ಇತ್ತು), 95 ಅಡಿ ಉದ್ದದ ರೆಕ್ಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದರ ಸೈನಿಕ ರೂಪವಾದ ಸಿ-47 ಹತ್ತಿರಹತ್ತಿರ ಹತ್ತು ಸಾವಿರ ಸಂಖ್ಯೆಯಲ್ಲಿ ತಯಾರಾಯಿತು. ಅದಕ್ಕೆ ಡಕೋಟ ಎಂಬ ಹೆಸರಿಟ್ಟವರು ಬ್ರಿಟಿಷರು. ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ ಅಲ್ಲಿಯೇ ಉಳಿಕೆ ಸಿ-47ಗಳನ್ನು ಪ್ರಯಾಣಿಕ ವಿಮಾನಗಳಾಗಿ ಮಾರ್ಪಡಿಸಿದರು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಇಳಿಸಿದ್ದು ಡಕೋಟ. 1949ರ ಜನವರಿಯಿಂದ ಮುಂಬಯಿ, ಕಲ್ಕತ್ತ, ಮದರಾಸು, ದೆಹಲಿಗಳಿಂದ ರಾತ್ರಿ ಹೊರಟು, ನಾಗಪುರದಲ್ಲಿ ಕೂಡಿ, ಅಂಚೆಯ ಚೀಲಗಳನ್ನು ಅದಲುಬದಲು ಮಾಡಿಕೊಂಡು ಮರಳುತ್ತಿದ್ದುದೂ ಡಕೋಟಗಳೇ.

ಶಿಷ್ಯ ಕಟ್ಟಲು ಹೊರಟಿದ್ದು ಎರಡು ಡಕೋಟಗಳನ್ನು. ಒಂದು ನಾಗಪುರದ ರಾತ್ರಿ ಅಂಚೆಯದು, ಇನ್ನೊಂದು ಅಸ್ಸಾಮಿನ ಜೋರ್ಹಾಟಿನಿಂದ ಈಶಾನ್ಯದ ಗುಡ್ಡಗಳ ಕಾವಲುಠಾಣೆಗಳಿಗೆ ಅಕ್ಕಿ, ಉಪ್ಪು ಬೀಳಿಸುತ್ತಿದ್ದ ವಾಯುಪಡೆಯದು.

ಕೆಲಸ ನಡೆಯುವ ರೀತಿ ಹೀಗೆ. ಮೊದಲು ನಕ್ಷೆಗಳನ್ನೂ ಛಾಯಾಚಿತ್ರಗಳನ್ನೂ ಎದುರಿಟ್ಟುಕೊಂಡು ವಿಮಾನದ ಆಕಾರವನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಪಟ್ಟಿಗಳಿಂದ ಕಟ್ಟಬೇಕು. ಅದರ ಮೇಲೆ ಬಣ್ಣ, ರಿವೆಟ್ಟು, ಹೊಗೆಯ ಕಲೆ. ಬಳಿಕ ಚಾಲಕನ ಕೋಣೆ: ಪ್ರತಿಯೊಂದು ಮಾಪಕದ ಮುಳ್ಳೂ ಅಲುಗಬೇಕು, ಪ್ರತಿಯೊಂದು ಹಿಡಿಕೆಯೂ ಕೆಲಸ ಮಾಡಬೇಕು. ಆಮೇಲೆ ಶಬ್ದ. ಇವೆಲ್ಲವೂ ಕಣ್ಣುಕಿವಿಗಳ ಸಮಾಧಾನಕ್ಕೆ. ವಿಮಾನದ ಜೀವವಿರುವುದು ಅಂಕಿಗಳ ಒಂದು ಕಡತದಲ್ಲಿ. ತೂಕ, ರೆಕ್ಕೆಯ ವಿಸ್ತೀರ್ಣ, ಗುರುತ್ವಕೇಂದ್ರ, ಎಂಜಿನ್ನಿನ ಬಲ, ಯಾವ ಎತ್ತರದಲ್ಲಿ ಆ ಬಲ ಎಷ್ಟು ಕುಗ್ಗುತ್ತದೆ ಎಂಬುದೆಲ್ಲ ಅಲ್ಲಿರುತ್ತದೆ. ಕೈಪಿಡಿಯ ಪ್ರಕಾರ ಡಕೋಟ ನೆಲ ಬಿಡುವಾಗ ಎಂಜಿನ್ ನಿಮಿಷಕ್ಕೆ 2700 ಸುತ್ತು ತಿರುಗಬೇಕು, ಒಳಗಾಳಿಯ ಒತ್ತಡ ಪಾದರಸದ 48 ಅಂಗುಲ ಇರಬೇಕು. ಸಿಮ್ಯುಲೇಟರಿನ ಮುಳ್ಳುಗಳೂ ಅಲ್ಲಿಗೇ ಬಂದು ನಿಂತರೆ ಒಂದು ಪರೀಕ್ಷೆ ಪಾಸಾದಂತೆ. ಹೀಗೆ ನೂರಾರು ಪರೀಕ್ಷೆಗಳು.

ಕಡತದಲ್ಲಿ ಬರೆಯುವ ಪ್ರತಿಯೊಂದು ಅಂಕಿಗೂ ‘ಇದು ಎಲ್ಲಿಂದ ಬಂತು?’ ಎಂದು ಕೇಳಲೇಬೇಕು. ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ ಆಕರ ವಿಮರ್ಶೆ ಇದೇ ಅಲ್ಲವೇ ಎಂದು ನಾನು ಹಿಗ್ಗಿದೆ. ಆ ಹಿಗ್ಗಿನಲ್ಲಿಯೇ ಎಡವಿದೆ.

ನನ್ನ ಚಿಕ್ಕಪ್ಪನವರು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. ಅರವತ್ತರ ದಶಕದಲ್ಲಿ ಕೆಲವು ವರ್ಷ ಜೋರ್ಹಾಟಿನಲ್ಲಿದ್ದರು. ಈಗ ಅವರಿಗೆ 89 ವರ್ಷ. ಶಿಷ್ಯನನ್ನು ಅವರ ಮನೆಗೆ ಕರೆದುಕೊಂಡು ಹೋದೆ. ಪರದೆಯ ಮೇಲಿನ ಚಾಲಕನ ಕೋಣೆಯನ್ನು ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ‘ಎಲ್ಲ ಇದೆ ಮಗು. ಬ್ಲೋಯರ್ ಹಿಡಿಕೆ ಎಲ್ಲಿ?’ ಎಂದರು.

ಬ್ಲೋಯರ್ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಖ. ಮೇಲೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುವುದರಿಂದ ಈ ಏರ್ಪಾಡು. ಚಿಕ್ಕಪ್ಪನವರ ಪ್ರಕಾರ ಅದಕ್ಕೆ ಎರಡು ವೇಗಗಳಿದ್ದವು. ಎತ್ತರದಲ್ಲಿ ಹಿಡಿಕೆ ಹಾಕಿ ಹೆಚ್ಚಿನ ವೇಗಕ್ಕೆ ಬದಲಾಯಿಸಬಹುದಿತ್ತು. ಶಿಷ್ಯ ಕೈಪಿಡಿ ತೆರೆದ. ಅದರಲ್ಲಿ ಒಂದೇ ವೇಗ, ಹಿಡಿಕೆಯೇ ಇಲ್ಲ.

ಆಗ ನಾನು ಆಡಬಾರದ ಮಾತನ್ನು ಆಡಿದೆ. ‘ಚಿಕ್ಕಪ್ಪ, ಅರವತ್ತು ವರ್ಷವಾಯಿತು. ಬೇರೆ ಯಾವುದೋ ವಿಮಾನದ್ದು ನೆನಪಾಗಿರಬೇಕು. ಕೈಪಿಡಿಯಲ್ಲಿ ಇಲ್ಲವಲ್ಲ.’ ಅವರು ವಾದಿಸಲಿಲ್ಲ. ‘ಪುಸ್ತಕದಲ್ಲಿ ಇಲ್ಲದಿದ್ದರೆ ಇಲ್ಲ ಬಿಡಪ್ಪ’ ಎಂದು ಕಿಟಕಿಯ ಕಡೆ ತಿರುಗಿಬಿಟ್ಟರು. ಅಂದು ಮತ್ತೆ ಏನನ್ನೂ ಹೇಳಲಿಲ್ಲ.

ಶಿಷ್ಯ ಮಾತ್ರ ಆ ಮಾತನ್ನು ಮರೆಯಲಿಲ್ಲ. ವಾರಗಟ್ಟಲೆ ಹುಡುಕಿದ ಮೇಲೆ ನಿಜ ಹೊರಬಿತ್ತು. ನಾವು ಹಿಡಿದುಕೊಂಡಿದ್ದುದು ನಾಗರಿಕ ಡಿಸಿ-3ರ ಕೈಪಿಡಿ. ಸಿ-47ರಲ್ಲಿ ‘ಬಿ’ ಎಂಬ ಒಂದು ಪ್ರಭೇದವಿದೆ. ಬ್ರಿಟಿಷರ ಲೆಕ್ಕದಲ್ಲಿ ಅದು ಡಕೋಟ-4. ಅದರ ಎಂಜಿನ್ನಿಗೆ ಎರಡು ವೇಗದ ಬ್ಲೋಯರ್ ಇತ್ತು. 1942ರಿಂದ 1945ರವರೆಗೆ ಅಸ್ಸಾಮಿನಿಂದ ಹಿಮಾಲಯದ ಪೂರ್ವದ ಬೆಟ್ಟಗಳನ್ನು ದಾಟಿ ಚೀನಾದ ಕುನ್ಮಿಂಗಿಗೆ ಸಾಮಗ್ರಿ ಒಯ್ಯುತ್ತಿದ್ದ ಹಾದಿಗೆ ಪೈಲಟ್‌ಗಳು ‘ಹಂಪ್’ ಎಂದರೆ ಗೂನು ಎಂದು ಹೆಸರಿಟ್ಟಿದ್ದರು. ಅಂಥ ಎತ್ತರದ ಹಾರಾಟವನ್ನು ಗಮನದಲ್ಲಿಟ್ಟು ರೂಪಿಸಿದ ಎಂಜಿನ್ ಅದು. ಜೋರ್ಹಾಟೂ ಆ ಹಾದಿಯ ಒಂದು ನೆಲೆಯಾಗಿತ್ತು. ಯುದ್ಧಾನಂತರ ಆ ಹೆಚ್ಚಿನ ವೇಗದ ಏರ್ಪಾಡನ್ನು ಅನೇಕ ವಿಮಾನಗಳಿಂದ ತೆಗೆದುಹಾಕಿದರು. ಹಾಗೆ ತೆಗೆದವಕ್ಕೆ ಅಮೆರಿಕದಲ್ಲಿ ಸಿ-47‘ಡಿ’ ಎಂಬ ಹೊಸ ಹೆಸರೂ ಬಂತು. ಬ್ರಿಟಿಷರಿಂದ ನಮಗೆ ಬಳುವಳಿಯಾಗಿ ಬಂದ ಡಕೋಟಗಳಲ್ಲಿ ಎರಡೂ ಬಗೆಯವು ಇದ್ದವು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಡಕೋಟ. ಒಳಗೆ ಕೈಯಿಟ್ಟವರಿಗೆ ಮಾತ್ರ ವ್ಯತ್ಯಾಸ ಗೊತ್ತು.

ಒಂದು ಹಿಡಿಕೆಗೆ ಇಷ್ಟು ರಾದ್ಧಾಂತವೇ ಎಂದು ನೀವು ಕೇಳಬಹುದು. ಶಿಷ್ಯ ಎಂಜಿನ್ನಿನ ಅಂಕಿಗಳನ್ನು ಬದಲಾಯಿಸಿ ಅದೇ ಹೊರೆ ಹೇರಿ ಅದೇ ಬೆಟ್ಟದ ಸಾಲಿನತ್ತ ವಿಮಾನವನ್ನು ನಡೆಸಿ ತೋರಿಸಿದ. ಹಿಡಿಕೆ ಇಲ್ಲದ ಡಕೋಟ ಮೇಲೇರಲು ತಿಣುಕುತ್ತ ಕಣಿವೆಯಲ್ಲೇ ಸುತ್ತು ಹೊಡೆಯಿತು. ಹಿಡಿಕೆ ಇದ್ದದ್ದು ನಿಧಾನವಾಗಿಯಾದರೂ ಏರುತ್ತ ಹೋಯಿತು. ಆ ಗುಡ್ಡಗಳ ಮೇಲೆ ಹಾರಿದವರ ಪಾಲಿಗೆ ಇದು ಸಣ್ಣ ವಿಷಯವಾಗಿರಲಿಲ್ಲ.

ನಾನು ನಾಚಿದೆ. ಬರೆದದ್ದು ಸತ್ಯ, ನೆನಪು ಸಡಿಲ ಎಂದು ಜೀವಮಾನವಿಡೀ ಪಾಠ ಹೇಳಿದವನು ನಾನು. ಕೈಪಿಡಿ ಸುಳ್ಳು ಹೇಳಿರಲಿಲ್ಲ. ಅದು ಬೇರೊಂದು ವಿಮಾನದ ಬಗ್ಗೆ ಮಾತನಾಡುತ್ತಿತ್ತು. ಈ ಕಾಗದ ಯಾವುದರ ಕುರಿತದ್ದು ಎಂಬ ಮೊದಲನೆಯ ಪ್ರಶ್ನೆಯನ್ನೇ ಕೇಳದೆ, ಕೈಗೆ ಗ್ರೀಸು ಹತ್ತಿಸಿಕೊಂಡು ದುಡಿದವರ ಬಾಯಿ ಮುಚ್ಚಿಸಿದ್ದೆ.

ಮರುದಿನವೇ ಹೋಗಿ ಚಿಕ್ಕಪ್ಪನವರ ಕಾಲು ಮುಟ್ಟಿ ತಪ್ಪಾಯಿತೆಂದೆ. ‘ಮೇಷ್ಟರಾದವರು ಪುಸ್ತಕ ನಂಬಬೇಕಪ್ಪ, ತಪ್ಪೇನು’ ಎಂದು ನಕ್ಕರು. ಅಂದಿನಿಂದ ಅವರ ಮಾತು ಹರಿಯಿತು. ‘ನಾನು ಕೈಯಾಡಿಸಿದವುಗಳಲ್ಲಿ ಕೆಲವಕ್ಕೆ ಹಿಡಿಕೆ ಇದ್ದರೂ ತಂತಿ ಬಿಗಿದು ಕಟ್ಟಿಹಾಕಿದ್ದರು’ ಎಂಬುದನ್ನೂ ಹೇಳಿದರು. ಶಿಷ್ಯ ಎಲ್ಲವನ್ನೂ ಧ್ವನಿಮುದ್ರಿಸಿಕೊಂಡ.

ಜೋರ್ಹಾಟಿನ ಡಕೋಟದಲ್ಲಿ ಈಗ ಆ ಹಿಡಿಕೆ ಇದೆ, ನಾಗಪುರದ್ದರಲ್ಲಿ ಇಲ್ಲ. ಕೆಲಸ ಮುಗಿದ ದಿನ ಚಿಕ್ಕಪ್ಪನವರ ಎದುರಿಗೆ ಎಂಜಿನ್ ಚಾಲೂ ಮಾಡಿದೆವು. ಒಂದು ಕೀಲಿ ಒತ್ತಿದ್ದೇ ತಡ, ಪ್ರೊಪೆಲ್ಲರು ತಿರುಗಿ, ಬಿಳಿ ಹೊಗೆ ಕಾರಿ, ಗುಡುಗಿತು. ನಾವು ಅವರ ಮುಖ ನೋಡಿದೆವು. ‘ಮೊದಲು ಕೈಯಲ್ಲಿ ತಿರುಗಿಸಿದಿರಾ?’ ಎಂದು ಕೇಳಿದರು.

ರಾತ್ರಿಯೆಲ್ಲ ನಿಂತ ಎಂಜಿನ್ನಿನ ಕೆಳಗಿನ ಸಿಲಿಂಡರುಗಳಿಗೆ ಎಣ್ಣೆ ಇಳಿದು ತುಂಬಿಕೊಳ್ಳುತ್ತದಂತೆ. ಆ ಸ್ಥಿತಿಯಲ್ಲಿ ಏಕಾಏಕಿ ಚಾಲೂ ಮಾಡಿದರೆ ಎಣ್ಣೆ ಒತ್ತಿಗೆ ಕುಗ್ಗದೆ ಒಳಗಿನ ದಂಡವೇ ಬಾಗಬಹುದು. ಆದ್ದರಿಂದ ಮುಂಜಾವದ ಚಳಿಯಲ್ಲಿ ಫಿಟ್ಟರುಗಳು ಪ್ರೊಪೆಲ್ಲರಿನ ಅಲಗುಗಳನ್ನು ಒಂದೊಂದಾಗಿ ಎಣಿಸುತ್ತ ಕೈಯಿಂದ ತಿರುಗಿಸುತ್ತಿದ್ದರು. ಕೈಪಿಡಿಯಲ್ಲಿ ಇದಕ್ಕೆ ಒಂದೇ ಸಾಲು. ನಾವು ಓದಿಯೂ ದಾಟಿಹೋಗಿದ್ದೆವು. ಶಿಷ್ಯ ಮರುಮಾತಾಡದೆ ಪುಸ್ತಕ ತೆಗೆದು ಬರೆದುಕೊಂಡ. ಮುಗಿಯಿತೆಂದುಕೊಂಡಿದ್ದ ಕೆಲಸ ಮತ್ತೆ ಶುರುವಾಗಿದೆ.

ಮಕ್ಕಳೇ, ನಿಮ್ಮ ಮನೆಗಳಲ್ಲಿಯೂ ರೈಲು ಓಡಿಸಿದವರು, ಗಿರಣಿಯಲ್ಲಿ ಮಗ್ಗ ನಡೆಸಿದವರು, ಅಚ್ಚುಮೊಳೆ ಜೋಡಿಸಿದವರು ಇರಬಹುದು. ಅವರ ಹತ್ತಿರ ಕುಳಿತು ಕೇಳಿ, ಬರೆದಿಟ್ಟುಕೊಳ್ಳಿ. ಪುಸ್ತಕಕ್ಕೆ ಹೊಂದದ ಮಾತು ಅವರ ಬಾಯಿಂದ ಬಂದರೆ, ನಿಮ್ಮ ಮೇಷ್ಟರಂತೆ ಆತುರಪಡಬೇಡಿ. ಪುಸ್ತಕ ಯಾವುದೆಂದು ಇನ್ನೊಮ್ಮೆ ನೋಡಿ.